ಎಡೆದೊರೆನಾಡಿನ ಹಳೆ ಬಿಲಿಯರ್ಡ್ಸ್ ಮೇಜು: ಒಂದು ಸಮತಲಶಾಸ್ತ್ರೀಯ ಅಧ್ಯಯನ

ಎಡೆದೊರೆನಾಡಿನ ಶಾಸನಗಳ ಮೇಲೆ ಪಿಎಚ್.ಡಿ. ಆಗಿದೆ, ಕೋಟೆಗಳ ಮೇಲೆ ಆಗಿದೆ, ದಾಸಸಾಹಿತ್ಯದ ಮೇಲಂತೂ ಮಾರ್ಗದರ್ಶಕರು ಸಾಲದಷ್ಟು ಆಗಿದೆ. ಆದರೆ ಕೃಷ್ಣಾ ತುಂಗಭದ್ರೆಗಳ ನಡುವೆ ಹನ್ನೆರಡಡಿ ಉದ್ದ, ಆರಡಿ ಅಗಲ, ಎಂಟು ಕಾಲು, ಆರು ಜೇಬುಗಳುಳ್ಳ ಹಳೆಯ ಬಿಲಿಯರ್ಡ್ಸ್ ಮೇಜೊಂದು ಮಾರಾಟಕ್ಕಿದ್ದರೆ ಏನು ಮಾಡಬೇಕು ಎಂಬ ಮೂಲಭೂತ ಪ್ರಶ್ನೆಯತ್ತ ವಿದ್ವತ್ ಲೋಕ ಕಣ್ಣೆತ್ತಿಯೂ ನೋಡಿಲ್ಲ. ಆ ಕೊರತೆ ತುಂಬುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ: ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ. ಅಧ್ಯಯನದ ಮಿತಿ: ಪ್ರಬಂಧಕಾರನ ಸೋದರಮಾವ. ಮೇಜು ಅವರದು, ದುಡ್ಡೂ ಅವರದು; ಆದ್ದರಿಂದ ಕೆಲವು ಸತ್ಯಗಳನ್ನು ಅವರು ಊಟಕ್ಕೆ ಎದ್ದ ಹೊತ್ತಿನಲ್ಲಿ ದಾಖಲಿಸಿಕೊಳ್ಳಬೇಕಾಯಿತು.

ಅಧ್ಯಾಯ ಒಂದು: ಆಟ ರಾಯಚೂರಿನಲ್ಲಿ ಹುಟ್ಟದಿರಲು ಕಾರಣಗಳು

ಸ್ನೂಕರ್ ಹುಟ್ಟಿದ್ದು 1875ರಲ್ಲಿ, ಜಬಲ್‌ಪುರದ ಸೈನ್ಯಾಧಿಕಾರಿಗಳ ಮೆಸ್ಸಿನಲ್ಲಿ. ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ (ಹಿಟ್ಲರನ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ ಪ್ರಧಾನಿ ಬೇರೆ, ಈತ ಬೇರೆ) ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ, ಬಿಲಿಯರ್ಡ್ಸ್ ಮೇಜಿನ ಮೇಲೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿ ಹೊತ್ತು ಕಳೆದ. 1882ರ ಹೊತ್ತಿಗೆ ಆಟದ ನಿಯಮಗಳನ್ನು ಬರೆದು ಊಟಿ ಕ್ಲಬ್ಬಿನ ಗೋಡೆಗೆ ಅಂಟಿಸಿದರು. ಇದರಿಂದ ಹೊರಡುವ ಸಿದ್ಧಾಂತ ಸ್ಪಷ್ಟ: ಈ ಆಟ ಹುಟ್ಟಬೇಕಾದರೆ ಮಳೆ ಬೇಕು. ಮಳೆ ನಿಲ್ಲದೆ ಮನೆಯೊಳಗೆ ಕೂತು ಬೇಸತ್ತ ಮನುಷ್ಯನ ಉಲ್ಲೇಖ ರಾಯಚೂರು ಜಿಲ್ಲೆಯ ಯಾವ ಶಾಸನದಲ್ಲೂ ಪ್ರಬಂಧಕಾರನ ಕಣ್ಣಿಗೆ ಬಿದ್ದಿಲ್ಲ. ಬಿಸಿಲಿಗೆ ಹೆದರಿ ಕೂತವರು ಬೇಕಾದಷ್ಟಿದ್ದಾರೆ. ಆದರೆ 45 ಡಿಗ್ರಿಯಲ್ಲಿ ಮನುಷ್ಯ ಹೊಸ ಆಟ ಹುಡುಕುವುದಿಲ್ಲ, ಹರವಿಯ ನೀರು ಹುಡುಕುತ್ತಾನೆ.

ಎರಡನೆಯ ಅವಕಾಶ ತಪ್ಪಿದ್ದು ವಾಡಿಯಲ್ಲಿ. ಹೈದರಾಬಾದಿನ ಫಲಕ್‌ನುಮಾ ಅರಮನೆಯಲ್ಲಿ ಲಂಡನ್ನಿನ ಬರೋಸ್ ಅಂಡ್ ವಾಟ್ಸ್ ಕಂಪನಿಯ ಭಾರಿ ಮೇಜೊಂದಿದೆ. ಅದರ ಜೋಡಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿದೆ ಎಂದು ಹೇಳುವುದುಂಟು. ರಾಯಚೂರೂ ಆಗ ನಿಜಾಮರ ಸಂಸ್ಥಾನದ್ದೇ. ಮುಂಬಯಿ ಕಡೆಯಿಂದ ಒಂದು, ಮದರಾಸು ಕಡೆಯಿಂದ ಒಂದು, ಎರಡು ರೈಲು ಹಾದಿಗಳು 1871ರಲ್ಲಿ ಕೂಡಿಕೊಂಡದ್ದು ರಾಯಚೂರಿನಲ್ಲೇ. ಆದರೆ ಮುಂಬಯಿಯಿಂದ ಬರುವ ಗಾಡಿಗೆ ಹೈದರಾಬಾದಿನ ದಾರಿ ಕವಲೊಡೆಯುವುದು ವಾಡಿಯಲ್ಲಿ. ಆ ಮೇಜು ಮುಂಬಯಿಯಲ್ಲಿ ಹಡಗಿಳಿದು ರೈಲು ಹತ್ತಿ ಬಂದಿದ್ದರೆ ವಾಡಿಯಲ್ಲಿ ಎಡಕ್ಕೆ ತಿರುಗಿರಲೇಬೇಕು. ಅಂದಿನ ಪಾಯಿಂಟ್ಸ್‌ಮನ್ ಸ್ವಲ್ಪ ತೂಕಡಿಸಿದ್ದರೂ ರಾಯಚೂರಿನ ಸಾಂಸ್ಕೃತಿಕ ಇತಿಹಾಸ ಬೇರೆಯಾಗುತ್ತಿತ್ತು. ಅವನು ಎಚ್ಚರವಾಗಿದ್ದ ಎಂಬುದು ಈ ಭಾಗಕ್ಕೆ ಆದ ಚಾರಿತ್ರಿಕ ಅನ್ಯಾಯಗಳಲ್ಲಿ ಒಂದು.

ಅಧ್ಯಾಯ ಎರಡು: ಶೋಧ, ಕಾಲನಿರ್ಣಯ, ಖರೀದಿ

ನಮ್ಮ ಮೇಜು ಪತ್ತೆಯಾದದ್ದು ದೇವದುರ್ಗದ ಒಂದು ಹತ್ತಿ ಗೋದಾಮಿನಲ್ಲಿ, ಹತ್ತಿಕಾಳಿನ ಚೀಲಗಳ ಅಡಿಯಲ್ಲಿ. ಅದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಚಾದಂಗಡಿ ಪಂಥದವರ ಪ್ರಕಾರ ಇದು ಲಿಂಗಸುಗೂರಿನದು. ಅಲ್ಲಿ ಹಿಂದೆ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ನೆಲೆಯಿತ್ತು, 1905ರವರೆಗೆ ಅದು ಜಿಲ್ಲಾ ಕೇಂದ್ರವೂ ಆಗಿತ್ತು, ಆದ್ದರಿಂದ ದೊರೆಗಳು ಬಿಟ್ಟು ಹೋದ ಮಾಲು. ಪಾನ್‌ಡಬ್ಬಿ ಪಂಥದವರು ಇದನ್ನು ಖಂಡಿಸಿ, ಇದು ಯಾವುದೋ ಮುಚ್ಚಿಹೋದ ಸ್ನೂಕರ್ ಪಾರ್ಲರಿನದು, ಬಾಡಿಗೆ ಬಾಕಿಗೆ ಜಪ್ತಿಯಾದದ್ದು ಎನ್ನುತ್ತಾರೆ. ತಯಾರಕರ ಹೆಸರಿನ ಫಲಕ ಇದ್ದಿದ್ದರೆ ವಾದ ಮುಗಿಯುತ್ತಿತ್ತು. ಅದಿರಬೇಕಾದ ಕಡೆ ಸದ್ಯ ಸ್ಕ್ರೂ ತೂತುಗಳಿವೆ. ಎರಡೂ ಪಂಥಗಳು ಅವೇ ತೂತುಗಳನ್ನು ತಮ್ಮ ತಮ್ಮ ಪ್ರಮುಖ ಆಧಾರವಾಗಿ ಉಲ್ಲೇಖಿಸುತ್ತವೆ.

ಕಾಲನಿರ್ಣಯದ ವಿಧಾನ ಕುತೂಹಲಕರ. ಮೇಜಿನ ವಯಸ್ಸು ಕೊಳ್ಳುವವನ ಅಂಗಿಯನ್ನು ಅವಲಂಬಿಸಿದೆ ಎಂದು ಕ್ಷೇತ್ರಕಾರ್ಯದಿಂದ ಸಿದ್ಧವಾಗಿದೆ. ಇಸ್ತ್ರಿ ಅಂಗಿಯಲ್ಲಿ ಹೋದವರಿಗೆ ಅದು ನೂರೈವತ್ತು ವರ್ಷದ್ದು. ಮಾಸಿದ ಅಂಗಿಗೆ ಎಪ್ಪತ್ತು. ಸೋದರಮಾವ ಸಫಾರಿ ಹಾಕಿಕೊಂಡು ಹೋಗಿದ್ದರಿಂದ ಮೇಜು ಟಿಪ್ಪು ಸುಲ್ತಾನನ ಕಾಲಕ್ಕೆ ಸರಿಯಿತು. ಕಲ್ಲಿನ ಹಾಸು ಬಿಲಿಯರ್ಡ್ಸ್ ಮೇಜಿಗೆ ಬಂದದ್ದೇ 1826ರಲ್ಲಿ, ಲಂಡನ್ನಿನ ಜಾನ್ ಥರ್ಸ್ಟನ್‌ನಿಂದ, ಟಿಪ್ಪು ಮಡಿದದ್ದು 1799ರಲ್ಲಿ ಎಂಬ ಆಕ್ಷೇಪಕ್ಕೆ ಮಾರುವವರು ಕೊಟ್ಟ ಉತ್ತರ ವಿದ್ವತ್ ಪರಂಪರೆಗೆ ಯೋಗ್ಯವಾದದ್ದು: “ಇದು ಅದಕ್ಕಿಂತ ಮೊದಲಿಂದ್ರಿ ಸರ, ಅದಕ್ಕ ರೇಟ್ ಜಾಸ್ತಿ.”

ಹಾಸು ನಿಜವಾದ ಸ್ಲೇಟೇ, ಅಥವಾ ಯಾರೋ ನಡುವೆ ಶಹಾಬಾದ್ ಫರಸಿ ಕೂಡಿಸಿದ್ದಾರೆಯೇ? ಇದನ್ನು ಪರೀಕ್ಷಿಸಿದ್ದು ಸೋದರಮಾವನ ಮೊಮ್ಮಗಳು. ಹರಿದ ಬಟ್ಟೆ ಸರಿಸಿ ಬಳಪದಿಂದ ಎರಡರ ಮಗ್ಗಿ ಬರೆದಳು. ಅಕ್ಷರ ಚೆನ್ನಾಗಿ ಮೂಡಿ, ಎಂಜಲಿನಿಂದ ಒರೆಸಿದರೆ ಅಳಿಸಿಹೋಯಿತು. ಪಾಟಿಕಲ್ಲು ಎಂಬುದು ನಿರ್ವಿವಾದವಾಯಿತು. ಮಾರ್ಕಾಪುರದ ಪಾಟಿ ಹಿಡಿದು ಶಾಲೆಗೆ ಹೋದ ಹಿರಿಯರೆಲ್ಲ ತಲೆದೂಗಿದರು.

ಬೆಲೆ ಕಟ್ಟಿದ ಕ್ರಮವನ್ನಂತೂ ವಾಣಿಜ್ಯಶಾಸ್ತ್ರದ ಪಠ್ಯಕ್ಕೆ ಸೇರಿಸಬೇಕು. ಸಾಗವಾನಿ ಕಟ್ಟಿಗೆ ಘನ ಅಡಿ ಲೆಕ್ಕ, ಕಲ್ಲು 72 ಚದರಡಿಗೆ ಫರಸಿಯ ಲೆಕ್ಕ, ಹಿತ್ತಾಳೆ ಕಿಲೋ ಲೆಕ್ಕ. “ಆಟ ಪುಕ್ಕಟ್ಟ ತಗೋರಿ” ಎಂದರು. ಕೊನೆಗೆ ಜೇಬಿನ ಜಾಳಿಗೆಯನ್ನು ಯಾವ ಲೆಕ್ಕಕ್ಕೆ ಹಚ್ಚಬೇಕೆಂದು ತೋಚದೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಆ ಮೌನದಲ್ಲೇ ವ್ಯವಹಾರ ಕುದುರಿತು.

ಅಧ್ಯಾಯ ಮೂರು: ಸಾಗಣೆ

ರಾಯಚೂರು ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ್ದನ್ನು ಅದರ ಮೇಲೆ ಕೆತ್ತಿದ್ದಾರೆ. ಪಕ್ಕದಲ್ಲೇ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ ಕೋಣಗಳ ಉದ್ದ ಸಾಲು ಎಳೆದು ತರುತ್ತಿರುವ ರೇಖಾಚಿತ್ರವೂ ಇದೆ. ಭಾರವಾದ ಕಲ್ಲನ್ನು ತಂದರೆ ಸಾಲದು, ತಂದದ್ದಕ್ಕೆ ಸಾಕ್ಷಿಯನ್ನೂ ಇಡಬೇಕು ಎಂಬುದು ಈ ಊರಿನ ಏಳು ಶತಮಾನದ ಪದ್ಧತಿ. ಸೋದರಮಾವ ಟ್ರ್ಯಾಕ್ಟರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. ಡ್ರೈವರ್ ಚಿತ್ರದಲ್ಲಿ ಬಂದಿಲ್ಲ. 1294ರ ಕಲಾವಿದ ಕೋಣಗಳನ್ನಾದರೂ ಬಿಟ್ಟಿರಲಿಲ್ಲ.

ಹಾಸಿನ ಕಲ್ಲು ಐದು ತುಂಡು, ಒಂದೊಂದು ಹೆಚ್ಚುಕಡಿಮೆ ಒಂದೂಮುಕ್ಕಾಲು ಕ್ವಿಂಟಲ್. ಕಟ್ಟಿಗೆ ಸೇರಿದರೆ ಒಟ್ಟು ಒಂದು ಟನ್ ದಾಟುತ್ತದೆ. ದೇವದುರ್ಗದಿಂದ ಗಬ್ಬೂರು ಮಾರ್ಗವಾಗಿ ಬಂದ ಟ್ರ್ಯಾಕ್ಟರ್ ರಾಜೇಂದ್ರ ಗಂಜಿನ ಹತ್ತಿರ ನಿಂತಾಗ ಹಮಾಲರೊಂದಿಗೆ ಒಂದು ಸೈದ್ಧಾಂತಿಕ ಚರ್ಚೆ ನಡೆಯಿತು. ಭತ್ತದ ಚೀಲ 75 ಕಿಲೋ, ಅದಕ್ಕೆ ದರ ಗೊತ್ತು. ಈ ಕಲ್ಲು ಎಷ್ಟು ಚೀಲ? ತೂಕದಲ್ಲಿ ಎರಡೂ ಕಾಲು ಚೀಲವೆಂದು ಸೋದರಮಾವ, ನಾಜೂಕಿನಲ್ಲಿ ಆರು ಚೀಲವೆಂದು ಹಮಾಲರು. “ಚೀಲ ಬಿದ್ರ ಭತ್ತ ಬಳಕೋತೀವ್ರಿ ಸಾಹೇಬ್ರ, ಇದು ಬಿದ್ರ ಏನ್ ಬಳಕೋಳ್ಳೋದು?” ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆರು ಚೀಲದ ದರವೇ ಇತ್ಯರ್ಥವಾಯಿತು.

ಅಧ್ಯಾಯ ನಾಲ್ಕು: ಸಮತಲ

ಇದು ಪ್ರಬಂಧದ ಹೃದಯಭಾಗ. ಜೀರ್ಣೋದ್ಧಾರದ ಗ್ರಂಥಗಳು ಹೇಳುವುದು ಇಷ್ಟೇ: ಚೌಕಟ್ಟನ್ನು ನಿಲ್ಲಿಸಿ, ಕಲ್ಲುಗಳನ್ನು ಹೊಂದಿಸಿ, ಸಂದಿಗಳಿಗೆ ಪ್ಲಾಸ್ಟರ್ ತುಂಬಿ ಉಜ್ಜಿ, ಮಟ್ಟ ನೋಡಿ. ಮಟ್ಟವೆಂದರೆ ಜಗತ್ತಿಗೆಲ್ಲ ಒಂದೇ ಎಂದು ಈ ಗ್ರಂಥಕಾರರು ನಂಬಿದ್ದಾರೆ. ಅವರು ಮೂರು ತಾಲ್ಲೂಕಿನ ಜನರನ್ನು ಒಂದು ಕೋಣೆಯಲ್ಲಿ ಕೂಡಿಸಿದವರಲ್ಲ.

ರಾಯಚೂರು ಪಂಥ ರಸಮಟ್ಟವಾದಿ. ಇದರ ಆಚಾರ್ಯರು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಿಂದ ನಿವೃತ್ತರಾದ ಇಂಜಿನಿಯರು. ಟರ್ಬೈನ್ ಕೂರಿಸಿದ ಕೈ. ರಸಮಟ್ಟದ ಗುಳ್ಳೆ ಕೂದಲೆಳೆಯಷ್ಟು ಆಚೆ ಇದ್ದರೂ ಇಡೀ ಮೇಜು ಎತ್ತಿಸಿ ಕಾಲಡಿ ಏನಾದರೂ ಸಿಕ್ಕಿಸುವರು. ಸಿಕ್ಕಿಸುವುದಕ್ಕೆ ಮನೆಯಲ್ಲಿ ಕೈಗೆ ಸಿಕ್ಕದ್ದು ಹಳೆ ಲಗ್ನಪತ್ರಿಕೆಗಳು. ಅವುಗಳ ದಪ್ಪ ಕುಟುಂಬದ ಅಂತಸ್ತಿನಂತೆ ಬೇರೆಬೇರೆ ಇರುವುದರಿಂದ ಅತ್ಯಂತ ಸೂಕ್ಷ್ಮವಾದ ಹೊಂದಾಣಿಕೆ ಸಾಧ್ಯವಾಯಿತು. ಬಡ ನೆಂಟರ ಹಳದಿ ಕಾಗದ ಸಣ್ಣ ದೋಷಕ್ಕೆ. ಗುತ್ತಿಗೆದಾರರ ಮಗಳ ಮದುವೆಯ ಮಖಮಲ್ ಹಚ್ಚಿದ ಪತ್ರಿಕೆ ಒಂದೇ ಸಾಕು, ಮೂಲೆ ಮೂಲೆಯೇ ಎದ್ದು ನಿಲ್ಲುತ್ತಿತ್ತು.

ದೇವದುರ್ಗ ಪಂಥ ನೀರಿನ ಪೈಪಿನದು. ಮೇಜಿನ ಜೊತೆಗೇ ಬಂದ ಗೌಂಡಿ ಕಾಕಾ, ಎರಡೂ ತುದಿ ತೆರೆದ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ನೋಡಿ, ಮೇಜು ಸರಿಯಿದೆ, ಮನೆಯೂ ಸರಿಯಿದೆ, ಎರಡನ್ನೂ ಒಟ್ಟಿಗೆ ಇಡುವುದೇ ತಪ್ಪು ಎಂದು ತೀರ್ಪಿತ್ತರು. ನೆಲದ ಫರಸಿ ಬಾಗಿಲ ಕಡೆಗೆ ಇಳಿಜಾರಾಗಿರುವುದು ದೋಷವಲ್ಲ, ವಿದ್ಯೆ. “ಇಳಿಜಾರ ಇಲ್ಲಂದ್ರ ತೊಳದ ನೀರ ಹೆಂಗ ಹೋಗಬೇಕ್ರಿ?” ಅವರ ಸಲಹೆಯಂತೆ ಮೇಜನ್ನೂ ಬಾಗಿಲ ಕಡೆಗೆ ಇಳಿಜಾರು ಮಾಡಿದರೆ ನೆಲ ಮೇಜು ಎರಡಕ್ಕೂ ಸಾಮರಸ್ಯವಿರುತ್ತದೆ, ತೊಳೆಯಲಿಕ್ಕೂ ಸಲೀಸು.

ಮಾನ್ವಿ ಪಂಥ ಪ್ರಯೋಗವಾದಿ. ಭತ್ತದ ಗದ್ದೆಯ ಮಟ್ಟವನ್ನು ನೀರು ಬಿಟ್ಟು ನೋಡುವವರಿಗೆ ಉಪಕರಣದ ಹಂಗಿಲ್ಲ. ಸೋದರಮಾವನ ಬೀಗರು ಮಾನ್ವಿಯಿಂದ ಬಂದವರು ಒಂದು ಚೆಂಡು ಉರುಳಿಸಿದರು. ಚೆಂಡು ನೇರ ಹೊರಟಿತು, ಅರ್ಧ ದಾರಿಯಲ್ಲಿ ಮನಸ್ಸು ಬದಲಿಸಿ ನಡುವಿನ ಜೇಬಿಗೆ ಬಿತ್ತು. ಇನ್ನೊಂದು ಉರುಳಿಸಿದರು, ಅದೂ ಅಲ್ಲಿಗೇ. ಬೀಗರ ಮುಖ ಗಂಭೀರವಾಯಿತು. “ಇದು ನಮ್ಮ ಎಡದಂಡಿ ಕಾಲುವಿ ಆತಲ್ಲರಿ!”

ಈ ಉದ್ಗಾರ ಸಮತಲಶಾಸ್ತ್ರದ ದಿಕ್ಕನ್ನೇ ಬದಲಿಸಿತು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಅದರ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರುಗಳನ್ನು ಹಾದು ಮಾನ್ವಿ, ರಾಯಚೂರಿನ ಕಡೆಗೆ ಸುಮಾರು 227 ಕಿಲೋಮೀಟರ್ ಹರಿಯುತ್ತದೆ, ಹರಿಯಬೇಕು. ಮೇಲ್ಭಾಗದಲ್ಲಿ ಭತ್ತ, ನಡುವೆ ಅಕ್ರಮ ಪೈಪು. ಕೊನೆಭಾಗದವರ ಪಾಲಿಗೆ ಧರಣಿ, ರಸ್ತೆ ತಡೆ. ಬೀಗರು ಬಳಪ ತೆಗೆದುಕೊಂಡು ಮೇಜಿನ ಅಂಚಿನಲ್ಲಿ ಮೈಲು 47, ಮೈಲು 69, ಮೈಲು 104 ಎಂದು ಗುರುತು ಹಾಕಿದರು. ನಡುವಿನ ಎರಡು ಜೇಬುಗಳನ್ನು ಅಕ್ರಮ ಪೈಪುಗಳೆಂದು ಘೋಷಿಸಿದರು. ಹತ್ತಾರು ಚೆಂಡು ಉರುಳಿಸಿ ನೋಡಿದಾಗ 69 ದಾಟಿದ್ದು ಅಪರೂಪ, 104 ಮುಟ್ಟಿದ್ದು ಇಲ್ಲವೇ ಇಲ್ಲ. ನಿವೃತ್ತ ಇಂಜಿನಿಯರು ರಸಮಟ್ಟ ತೋರಿಸಿ, ಗುಳ್ಳೆ ಸರಿಯಾಗಿ ನಡುವಿನಲ್ಲಿದೆ, ಕಾಗದದ ಪ್ರಕಾರ ಎಲ್ಲ ಕಡೆಗೂ ಸಮನಾಗಿ ಹೋಗಬೇಕು ಎಂದರು. ಬೀಗರು ಅದಕ್ಕೆ, “ಅವ್ರೂ ಹಂಗ ಅಂತಾರ್ರಿ” ಎಂದಷ್ಟೇ ಹೇಳಿ ಚಹಾ ಕುಡಿದರು.

ಬೆಂಗಳೂರಿನ ಪಂಕಜ್ ಅಡ್ವಾಣಿ 2003ರಲ್ಲಿ ಚೀನಾದಲ್ಲಿ ವಿಶ್ವ ಸ್ನೂಕರ್ ಚಾಂಪಿಯನ್ ಆದದ್ದನ್ನು ಇಲ್ಲಿ ಕೆಲವರು ಪ್ರಸ್ತಾಪಿಸಿದರು. ಅವರು ಸಮತಟ್ಟಾದ ಮೇಜಿನ ಮೇಲೆ ಆಡಿದ್ದರಿಂದ ಆ ಸಾಧನೆ ಪ್ರಸ್ತುತ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಅಧ್ಯಾಯ ಐದು: ರಬ್ಬರ್ ಮತ್ತು ಬಟ್ಟೆ

ಅಂಚಿನ ರಬ್ಬರ್ ಕಲ್ಲಾಗಿತ್ತು. ಚೆಂಡು ಅದಕ್ಕೆ ತಾಗಿದರೆ ಪುಟಿಯುವ ಬದಲು ಅಲ್ಲೇ ವಿಶ್ರಾಂತಿ ಪಡೆಯುತ್ತಿತ್ತು. ಮೊದಮೊದಲು ಇಂಗ್ಲೆಂಡಿನ ಮೇಜುಗಳ ರಬ್ಬರ್ ಚಳಿಗೆ ಬಿರುಸಾಗುತ್ತಿತ್ತಂತೆ. 1840ರ ದಶಕದಲ್ಲಿ ವಲ್ಕನೈಸ್ ಮಾಡಿದ ರಬ್ಬರ್ ಬಂದು ಆ ತೊಂದರೆ ನೀಗಿತು. ಈ ವಿದ್ಯೆಯ ಹೆಸರನ್ನು ಬೋರ್ಡಿನ ಮೇಲೆ ಇಂದಿಗೂ ಉಳಿಸಿಕೊಂಡವರು ಮಾನ್ವಿ ರಸ್ತೆಯ ಪಂಕ್ಚರ್ ಅಂಗಡಿಯವರು. ಟ್ರ್ಯಾಕ್ಟರ್ ಟ್ಯೂಬ್ ಕೊಯ್ದು ಅಂಟಿಸಿಕೊಡುತ್ತೇನೆ, ಗಾಳಿ ಬೇಕಾದರೆ ಗಾಳಿಯನ್ನೂ ಹಾಕುತ್ತೇನೆ ಎಂದು ಅವರು ಮುಂದೆ ಬಂದರು. ಸೋದರಮಾವ ಹೈದರಾಬಾದಿನಿಂದಲೇ ರಬ್ಬರ್ ತರಿಸಿದ್ದು ಸ್ಥಳೀಯ ಪ್ರತಿಭೆಗೆ ಮಾಡಿದ ಅವಮಾನವೆಂದು ಆ ರಸ್ತೆಯಲ್ಲಿ ಈಗಲೂ ಅಭಿಪ್ರಾಯವಿದೆ. ದೊಡ್ಡ ಪಂದ್ಯಗಳಲ್ಲಿ ತೇವ ಹೋಗಿ ಚೆಂಡು ಚುರುಕಾಗಲೆಂದು ಕಲ್ಲಿನ ಅಡಿ ವಿದ್ಯುತ್ ಹೀಟರ್ ಇಡುತ್ತಾರೆ. ರಾಯಚೂರಿನಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ಈ ಸೌಲಭ್ಯವನ್ನು ಸೂರ್ಯನಾರಾಯಣ ಉಚಿತವಾಗಿ ಒದಗಿಸುತ್ತಾನೆ, ಚೆಂಡಿಗೂ ಆಟಗಾರನಿಗೂ.

ಬಟ್ಟೆ ಉಣ್ಣೆಯದೇ ಆಗಬೇಕೆಂದಾಗ ಕುರುಬರ ಕಂಬಳಿಯ ಹೆಸರು ಬಂತು. ಬಾಳಿಕೆಯಲ್ಲಿ ಅದಕ್ಕೆ ಸರಿಸಾಟಿಯಿಲ್ಲ, ಆದರೆ ಅದರ ಮೇಲೆ ಬಿಟ್ಟ ಚೆಂಡು ಹೊರಟ ಜಾಗದಲ್ಲೇ ನಿದ್ದೆ ಹೋಯಿತು. ಕೊನೆಗೆ ಹಸಿರು ಬಟ್ಟೆ ಬಿಗಿದರು. ಅಂದಿನಿಂದ ಮಾನ್ವಿಯ ಬೀಗರು ಹೆಗಲ ಮೇಲಿನ ತಮ್ಮ ಹಸಿರು ಶಾಲು ಸರಿಪಡಿಸಿಕೊಳ್ಳುತ್ತ ಮೇಜನ್ನು “ನಮ್ಮವ” ಎಂದೇ ಕರೆಯುತ್ತಿದ್ದಾರೆ.

ಅಧ್ಯಾಯ ಆರು: ಆಟದ ನಿಯಮಗಳು

ಸೋತವರು ಟೇಬಲ್ ದುಡ್ಡು ಕೊಡಬೇಕು. ಉಳಿದ ನಿಯಮಗಳ ಅಗತ್ಯ ಇನ್ನೂ ಬಿದ್ದಿಲ್ಲ.

ಅನುಬಂಧ: ಮೇಜು ಸಲಹಾ ಸಮಿತಿಯ ನಡಾವಳಿ

ಅಧ್ಯಕ್ಷತೆ: ಸೋದರಮಾವ. ಹಾಜರಿ: ಮೂರೂ ಪಂಥದವರು. ಶಾವಿಗೆ ಒಣಹಾಕಲು ಇಷ್ಟು ದೊಡ್ಡ ಜಾಗ ಬೇರೆಲ್ಲೂ ಇಲ್ಲವೆಂದು ಅವ್ವ ಕೂಡ ಬಂದು ಕೂತಿದ್ದರು.

ಚರ್ಚೆಯ ನಂತರ ಹೀಗೆ ತೀರ್ಮಾನಿಸಲಾಯಿತು. ಮೇಜಿನ ಇಳಿಜಾರನ್ನು ನಿವಾರಿಸಲು ಸಾಧ್ಯವಿಲ್ಲದ್ದರಿಂದ ಹಂಚಿಕೊಳ್ಳತಕ್ಕದ್ದು. ಅದಕ್ಕಾಗಿ ವಾರಾಬಂದಿ ಪದ್ಧತಿ ಜಾರಿಗೆ ತಂದು, ಆಟಗಾರರು ಸರದಿಯಂತೆ ತುದಿ ಬದಲಿಸತಕ್ಕದ್ದು. ನಡುವಿನ ಎರಡು ಅಕ್ರಮ ಜೇಬುಗಳಿಗೆ ಹತ್ತಿ ತುರುಕಿ, ಮೈಲು 104ರಲ್ಲಿ ಗೇಜ್ ಬರುವವರೆಗೆ ತೆರೆಯಕೂಡದು. ಇಂಜಿನಿಯರು ರಾತ್ರಿ ಗಸ್ತು ನೋಡಿಕೊಳ್ಳತಕ್ಕದ್ದು. ಏಪ್ರಿಲ್, ಮೇ ತಿಂಗಳು ಮೇಜು ಪೂರ್ತಿಯಾಗಿ ಶಾವಿಗೆಗೆ ಮೀಸಲು. ಈ ಬಗ್ಗೆ ಚರ್ಚೆಗೆ ಅವಕಾಶವಿಲ್ಲ ಎಂದು ಅವ್ವ ತಿಳಿಸಿದ್ದನ್ನು ಸಭೆ ಸರ್ವಾನುಮತದಿಂದ ಒಪ್ಪಿತು.

ಹತ್ತಿ ಒದಗಿಸುವ ಹೊಣೆ ದೇವದುರ್ಗದವರದು ಎಂಬ ಅಂಶಕ್ಕೆ ಗೌಂಡಿ ಕಾಕಾ ಲಿಖಿತ ಭಿನ್ನಾಭಿಪ್ರಾಯ ಸಲ್ಲಿಸಿದರು. ತಾವು ನಾರಾಯಣಪುರ ಬಲದಂಡೆ ಕಾಲುವೆಯ ಅಚ್ಚುಕಟ್ಟಿಗೆ ಸೇರಿದವರಾದ್ದರಿಂದ, ತುಂಗಭದ್ರಾ ಎಡದಂಡೆಯ ಯಾವ ಸಮಿತಿಗೂ ತಮ್ಮ ಮೇಲೆ ಅಧಿಕಾರವಿಲ್ಲ ಎಂಬುದು ಅದರ ಸಾರಾಂಶ. ಸದರಿ ಪತ್ರವನ್ನು ನಾಲ್ಕಾಗಿ ಮಡಚಿ, ಸದ್ಯಕ್ಕೆ ಮೇಜಿನ ಏಳನೆಯ ಕಾಲಿನ ಕೆಳಗೆ ಇಡಲಾಗಿದೆ.