ಬೆಟ್ಟದ ಮೇಲಿನ ಬೇಸಿಗೆ ಶಿಬಿರದ ವ್ಯವಸ್ಥಾಪಕರಿಗೆ ಬಿಟ್ಟಿ ಸಹಾಯಕನ ವಿಜ್ಞಾಪನೆ

ಮಾನ್ಯರೇ,

ಈ ಬೇಸಿಗೆಗೂ ‘ಉತ್ಸಾಹಿ ಸ್ವಯಂಸೇವಕರು ಬೇಕಾಗಿದ್ದಾರೆ’ ಎಂಬ ನಿಮ್ಮ ಪ್ರಕಟಣೆ ನೋಡಿ ಸಂತೋಷವಾಯಿತು. ಊಟ, ವಸತಿ ಉಚಿತ. ಸಂಬಳವಿಲ್ಲ, ಬದಲಿಗೆ ‘ಮರೆಯಲಾಗದ ಅನುಭವ’ ಮತ್ತು ಒಂದು ಪ್ರಮಾಣಪತ್ರ. ಕಳೆದ ಏಪ್ರಿಲ್‌ನಲ್ಲಿ ಇವೆರಡನ್ನೂ ಪಡೆದ ಭಾಗ್ಯವಂತರಲ್ಲಿ ನಾನೂ ಒಬ್ಬ. ಪ್ರಮಾಣಪತ್ರ ನನ್ನನ್ನು ‘ಪ್ರಕೃತಿ ರಾಯಭಾರಿ’ ಎಂದು ಘೋಷಿಸಿದೆ. ರಾಯಭಾರಿಯಾದವನು ಒಂದು ವರದಿಯನ್ನಾದರೂ ಒಪ್ಪಿಸಬೇಕಲ್ಲ, ಅದಕ್ಕೇ ಈ ಪತ್ರ.

ನಿಮ್ಮ ಕರಪತ್ರದ ಮೊದಲ ಆಕರ್ಷಣೆ ಕೆಸರುಗದ್ದೆ ಓಟ. ಊರಿನವರು ಇದನ್ನು ಮಳೆಗಾಲದಲ್ಲಿ, ನಾಟಿಯ ಹೊತ್ತಿನಲ್ಲಿ ಆಡುತ್ತಾರೆ. ಪಾಪ, ಅವರಿಗೆ ಯೋಜನೆ ಗೊತ್ತಿಲ್ಲ. ಏಪ್ರಿಲ್‌ನ ಗದ್ದೆ ಬಿರುಕುಬಿಟ್ಟು ಬಿದ್ದಿರುತ್ತದೆ ನಿಜ, ಆದರೆ ಶುಲ್ಕ ಕಟ್ಟಿದ ಪೋಷಕರಿಗೆ ಆಷಾಢದವರೆಗೆ ಕಾಯಿರಿ ಎನ್ನಲಾದೀತೆ? ಹಾಗಾಗಿ ಬೋರ್‌ವೆಲ್ಲಿನ ಪೈಪು ಎಳೆದು, ಅರ್ಧ ದಿನ ನೀರು ಬಿಟ್ಟು, ನಾವು ಸಹಾಯಕರೆಲ್ಲ ಗುದ್ದಲಿ ಹಿಡಿದು ಕೆಸರು ತಯಾರಿಸಿದೆವು. ಅದೇ ಹೊತ್ತಿಗೆ ಕೆಳಗಿನ ಕೇರಿಯಲ್ಲಿ ಬಾವಿ ಬತ್ತಿ, ಹೆಂಗಸರು ಕೊಡ ಸಾಲಿಟ್ಟುಕೊಂಡು ಟ್ಯಾಂಕರಿಗೆ ಕಾಯುತ್ತಿದ್ದರು. ಓಟ ಮುಗಿದ ಮೇಲೆ ಮಕ್ಕಳನ್ನು ತೊಳೆಯುವುದಕ್ಕೆ ಅಷ್ಟೇ ನೀರು ಮತ್ತೆ ಬೇಕಾಯಿತು. ಮಧ್ಯಾಹ್ನ ‘ನೀರು ಉಳಿಸಿ’ ಚಿತ್ರಕಲಾ ಸ್ಪರ್ಧೆ. ಚಿತ್ರಗಳು ಚೆನ್ನಾಗಿದ್ದವು.

ಎರಡನೆಯದು ಶಿಖರಾರೋಹಣ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಜೀಪಿನಲ್ಲಿ ಹೋಗಿ, ಕೊನೆಯ ಮೆಟ್ಟಿಲುಗಳನ್ನಷ್ಟೇ ಹತ್ತಿದವರಿಗೆಲ್ಲ ಒಂದೊಂದು ಬಿಲ್ಲೆ. ಮಕ್ಕಳ ನೀರಿನ ಬಾಟಲಿ, ಸ್ವೆಟರು, ತಿಂಡಿ ಡಬ್ಬಿಗಳನ್ನು ಹೊತ್ತು ಹತ್ತಿದ ನಮಗೆ ಬಿಲ್ಲೆ ಇರಲಿಲ್ಲ. ಹೊರೆ ಹೊರುವವರು ಬಿಲ್ಲೆಗೆ ಆಸೆಪಡಬಾರದು ಎಂದು ಸಮಾಧಾನ ಮಾಡಿಕೊಂಡೆವು.

ಮೂರನೆಯದು ಜಂಗಲ್ ವಾಕ್. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಗಳ ಕಾಟ ಮಲೆನಾಡಿನಲ್ಲಿ ಮಳೆ ಬೀಳುವವರೆಗೂ ಇರುತ್ತದೆ. ಅಂದರೆ ಅವುಗಳ ಹಂಗಾಮೂ ನಿಮ್ಮ ಹಂಗಾಮೂ ಒಂದೇ. ಆಶಾ ಕಾರ್ಯಕರ್ತೆ ಗುಡ್ಡ ಹತ್ತಿ ಬಂದು ಉಣ್ಣೆ ತಡೆಯುವ ಡೆಪಾ ತೈಲದ ಬಾಟಲಿಗಳನ್ನು ಕೊಟ್ಟರು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಹಚ್ಚಿ, ಬಂದ ಮೇಲೆ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿಸಿ, ಹಾಕಿದ ಬಟ್ಟೆ ಒಗೆಸಿ, ಮಂಗ ಸತ್ತ ಕಡೆ ಕಾಲಿಡಬೇಡಿ ಎಂದು ಬಿಡಿಸಿ ಹೇಳಿದರು. ತೈಲದ ವಾಸನೆ ಫೋಟೊದಲ್ಲಿ ಕಾಣುವುದಿಲ್ಲವಾದರೂ ‘ಬ್ರ್ಯಾಂಡಿಗೆ ಹೊಂದುವುದಿಲ್ಲ’ ಎಂದು ನೀವು ಬಾಟಲಿಗಳನ್ನು ಉಗ್ರಾಣಕ್ಕೆ ಸೇರಿಸಿ, ಎಲ್ಲರಿಗೂ ಮಜ್ಜಿಗೆಹುಲ್ಲಿನ ಸಾವಯವ ಎಣ್ಣೆ ಸವರಿಸಿದಿರಿ. ಸಂಜೆ ಟಾರ್ಚ್ ಹಿಡಿದು ಮಕ್ಕಳ ಕಿವಿಯ ಹಿಂದೆ, ಕಂಕುಳಲ್ಲಿ, ಕಾಲ್ಚೀಲದ ಅಂಚಿನಲ್ಲಿ ಉಣ್ಣೆ ಹುಡುಕಿದವರು ನಾವು. ನಿಮ್ಮ ವೇಳಾಪಟ್ಟಿಯಲ್ಲಿ ಆ ಒಂದು ಗಂಟೆಯ ಹೆಸರು ‘ಮುಕ್ತ ಮಾತುಕತೆ’.

ಇನ್ನು ಡಿಜಿಟಲ್ ಉಪವಾಸ. ಮಕ್ಕಳ ಕೈಗೆ ಮೊಬೈಲ್ ಇಲ್ಲ, ಬಹಳ ಒಳ್ಳೆಯದು. ಆದರೆ ಅಪ್ಪ ಅಮ್ಮಂದಿರು ಉಪವಾಸ ಮಾಡುವವರಲ್ಲವಲ್ಲ. ಹೀಗಾಗಿ ದಿನಾ ರಾತ್ರಿ ಊಟದ ನಂತರ ಒಬ್ಬ ಸಹಾಯಕ ತೋಟದ ತುದಿಯ ಬಂಡೆ ಹತ್ತಿ, ಸಿಗ್ನಲ್ಲಿನ ಒಂದೇ ಒಂದು ಗೀಟು ಹಿಡಿದು, ಆ ದಿನದ ಫೋಟೊಗಳನ್ನು ವಾಟ್ಸ್ಆ್ಯಪ್ ಗುಂಪಿಗೆ ಏರಿಸಬೇಕು. ಏರಿಸಿದ ಕೂಡಲೇ ಉತ್ತರ: ‘ನಮ್ಮವನು ಯಾಕೆ ನಗುತ್ತಿಲ್ಲ?’ ‘ಎರಡನೇ ಸಾಲಿನಲ್ಲಿ ಯಾಕೆ ನಿಲ್ಲಿಸಿದ್ದೀರಿ?’ ‘ಅದೇ ಟೀಶರ್ಟ್ ಇವತ್ತೂ ಹಾಕಿದ್ದಾನಲ್ಲ?’ ಮರುದಿನ ಬೆಳಿಗ್ಗೆ ಆ ಹುಡುಗನ ಟೀಶರ್ಟ್ ಬದಲಿಸಿ, ಮೊದಲನೇ ಸಾಲಿಗೆ ತಂದು, ನಗಿಸುವುದೂ ನಮ್ಮದೇ ಕೆಲಸ.

ನನಗೆ ಹೆಚ್ಚು ಜ್ಞಾನ ತಂದದ್ದು ಮರ ಹತ್ತುವ ಕಾರ್ಯಾಗಾರ. ಬೆಂಗಳೂರಿನಿಂದ ಬಂದ ತಜ್ಞರು ಹೆಲ್ಮೆಟ್, ಹಗ್ಗ, ಕೊಕ್ಕೆಗಳನ್ನು ಹರಡಿಕೊಂಡು ಮರದೊಡನೆ ಮೊದಲು ‘ವಿಶ್ವಾಸ ಬೆಳೆಸಿಕೊಳ್ಳುವುದು’ ಹೇಗೆಂದು ವಿವರಿಸುತ್ತಿದ್ದರು. ಬೇಲಿಯ ಆಚೆ ನಿಂತು ನೋಡುತ್ತಿದ್ದವನು ಅಡುಗೆಯಕ್ಕನ ಮಗ, ಆರನೇ ತರಗತಿ. ತಳೆ ಕಾಲಿಗೆ ಸಿಕ್ಕಿಸಿದರೆ ಅಡಿಕೆ ಮರದ ತುದಿ ಮುಟ್ಟಿ ಪಕ್ಕದ ಮರಕ್ಕೆ ದಾಟುವ ಹುಡುಗ. ಒಳಗೆ ಕರೆಯೋಣವೇ ಎಂದು ಕೇಳಿದೆ. ‘ವಿಮೆ ಇಲ್ಲ’ ಎಂದಿರಿ. ಮಾರನೆಯ ದಿನ ‘ಗ್ರಾಮಜೀವನ ದರ್ಶನ’ಕ್ಕೆ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋದದ್ದು ಅವನದೇ ಮನೆಗೆ. ಕೊಟ್ಟಿಗೆ, ಒಲೆ, ಅವನು, ಅವನ ಕರು ಎಲ್ಲವನ್ನೂ ನೋಡಿ, ಫೋಟೊ ತೆಗೆದು ಬಂದೆವು. ಅಲ್ಲಿಗೆ ಪ್ರವೇಶ ಶುಲ್ಕವಾಗಲಿ ವಿಮೆಯಾಗಲಿ ಬೇಕಾಗಲಿಲ್ಲ.

ಬಿಟ್ಟಿ ದುಡಿಮೆ ನನಗೆ ಹೊಸದಲ್ಲ. ರಾಷ್ಟ್ರೀಯ ಸೇವಾ ಯೋಜನೆ ಶುರುವಾದದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ. ಕಾಲೇಜಿನ ದಿನಗಳಲ್ಲಿ ಅದರ ಶಿಬಿರಕ್ಕೆ ಹೋಗಿ ಶಾಲೆಯ ಜಗಲಿಯಲ್ಲಿ ಜಮಖಾನ ಹಾಸಿ ಮಲಗಿದ್ದೇವೆ, ಚರಂಡಿ ತೋಡಿದ್ದೇವೆ. ಅಲ್ಲಿ ನಮಗೂ ದುಡ್ಡಿರಲಿಲ್ಲ, ನಮ್ಮಿಂದ ಯಾರಿಗೂ ದುಡ್ಡಾಗಲಿಲ್ಲ. ತೋಡಿದ ಚರಂಡಿ ಊರಿನದಾಯಿತು. ನಿಮ್ಮಲ್ಲಿ ಒಂದು ಮಗುವಿನ ಒಂದು ವಾರದ ಶುಲ್ಕ ಅಡುಗೆಯಕ್ಕನ ಎರಡು ತಿಂಗಳ ಕೂಲಿಗಿಂತ ಹೆಚ್ಚು. ರಾತ್ರಿ ಅಮ್ಮ ಬೇಕೆಂದು ಅಳುವವಳ ಪಕ್ಕ ಕೂತು ಕಥೆ ಹೇಳಿ, ಹಾಸಿಗೆ ಒದ್ದೆ ಮಾಡಿಕೊಂಡವನ ಕಂಬಳಿಯನ್ನು ಉಳಿದವರು ಏಳುವ ಮೊದಲೇ ಒಗೆದು ಹರವಿದವರಿಗೆ ಸೊನ್ನೆ. ಆ ಮಕ್ಕಳಿಗಾಗಿ ಅದನ್ನು ಇನ್ನೊಮ್ಮೆ ಮಾಡಲು ನನಗೆ ಬೇಸರವಿಲ್ಲ. ನಿಮ್ಮ ಲಾಭಕ್ಕಾಗಿ ಮಾಡುವುದಾದರೆ ಅದಕ್ಕೆ ಕೂಲಿ ಕೊಡುವುದು ಲೋಕರೂಢಿ.

ಮೈಸೂರಿನ ರಂಗಾಯಣ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಸುತ್ತದೆ. 1930ರ ದಶಕದಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಕ್ಕೆ ಇಳಿದಿದ್ದರು. ಮಕ್ಕಳಿಗೆ ಮರ, ಮಣ್ಣು, ಕುಣಿತ, ನಾಟಕ ಕೊಡುವ ಯೋಚನೆ ಈ ನಾಡಿಗೆ ನಿಮ್ಮ ಕರಪತ್ರದಿಂದ ಬಂದದ್ದಲ್ಲ. ಹೊಸದಾಗಿ ನೀವು ಸೇರಿಸಿದ್ದು ಬೇಲಿ ಒಂದನ್ನೇ.

ಆದ್ದರಿಂದ ನನ್ನ ವಿಜ್ಞಾಪನೆ ಇಷ್ಟು: ಶುಲ್ಕ ವಸೂಲಿ ಮಾಡುವ ಶಿಬಿರದಲ್ಲಿ ಸಹಾಯಕರಿಗೆ ದಿನಗೂಲಿ ಕೊಡಿ, ಅಡುಗೆಯವರಿಗೆ ಈಗಿನದಕ್ಕಿಂತ ಹೆಚ್ಚು ಕೊಡಿ. ಕೆಸರುಗದ್ದೆಯನ್ನು ಮಳೆಗಾಲಕ್ಕೆ ಬಿಡಿ. ಡೆಪಾ ತೈಲವನ್ನು ಉಗ್ರಾಣದಿಂದ ಹೊರತೆಗೆಯಿರಿ. ಪ್ರತಿ ತಂಡದಲ್ಲಿ ಆ ಊರಿನ ಮಕ್ಕಳಿಗೆ ಶುಲ್ಕವಿಲ್ಲದೆ ಜಾಗ ಮಾಡಿ, ಅವರ ವಿಮೆಯ ಕಂತನ್ನೂ ನೀವೇ ಕಟ್ಟಿ. ಪೋಷಕರೇ, ನೀವೂ ಹಣ ಕಟ್ಟುವ ಮೊದಲು ಊಟದ ಪಟ್ಟಿಯ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಿ: ನನ್ನ ಮಗುವನ್ನು ನೋಡಿಕೊಳ್ಳುವವರಿಗೆ ನೀವು ಎಷ್ಟು ಕೊಡುತ್ತೀರಿ?

ಉತ್ತರ ಬಂದ ಮೇಲೆ ಅರ್ಜಿ ಹಾಕುತ್ತೇನೆ.

ಇತಿ,
ನಿಮ್ಮ ಪ್ರಮಾಣಪತ್ರಧಾರಿ ಸಹಾಯಕ