ಸಬ್ಜಂಕ್ಟಿವ್ ಸಾಹೇಬರು

ಪರದೇಶಕ್ಕೆ ಹೋದವರಲ್ಲಿ ಚರ್ಚು ಕೋಟೆ ನೋಡುವವರಿದ್ದಾರೆ, ಬರೀ ಅಂಗಡಿ ನೋಡುವವರಿದ್ದಾರೆ, ಹೋಟೆಲಿನ ಕಿಟಕಿಯಾಚೆ ಏನನ್ನೂ ನೋಡದೆ ಹಿಂದಿರುಗುವ ಪುಣ್ಯವಂತರೂ ಇದ್ದಾರೆ. ಇವರಿಂದ ಯಾರಿಗೂ ಉಪದ್ರವವಿಲ್ಲ. ನಾನು ಹೇಳಹೊರಟಿರುವುದು ಕ್ರಿಯಾಪದ ನೋಡಲು ಹೋಗುವವರ ವಿಷಯ. ಸ್ಪ್ಯಾನಿಷ್ ಕಲಿಯುವುದಕ್ಕೆಂದೇ ವರ್ಷಕ್ಕೊಂದು ಊರು ಹಿಡಿದು, ಅಲ್ಲಿ ಯಾರದೋ ಮನೆಯಲ್ಲಿ ಬಿಡಾರ ಹೂಡಿ, ಬೆಳಿಗ್ಗೆ ಪಾಠ, ಮಧ್ಯಾಹ್ನ ಹೋಂವರ್ಕು, ವಾರದ ಕೊನೆಗೆ ಶಾಲೆಯವರೇ ಏರ್ಪಡಿಸಿದ ಸಾಂಸ್ಕೃತಿಕ ಪ್ರವಾಸ ಎಂದು ಕಾಲ ಹಾಕುವವರ ಪಂಗಡವೇ ಒಂದಿದೆ. ಸ್ಪೇನಿನ ಸಲಮಾಂಕಾ, ಪೆರುವಿನ ಕುಸ್ಕೋ, ಮೆಕ್ಸಿಕೋದ ವಹಾಕಾ ಹೀಗೆ ಎಲ್ಲೆಡೆ ಇವರು ಸಿಗುತ್ತಾರೆ. ಧಾರಾಳವಾಗಿ ಸಿಗಬೇಕೆಂದರೆ ಗ್ವಾಟೆಮಾಲಾದ ಆಂಟಿಗುವಾಕ್ಕೆ ಹೋಗಬೇಕು.

ಆಂಟಿಗುವಾ ಒಂದು ಕಾಲದ ರಾಜಧಾನಿ. 1773ರ ಭೂಕಂಪ ಅದನ್ನು ಕೆಡವಿಹಾಕಿತು. 1776ರಲ್ಲಿ ಸರ್ಕಾರ ಗಂಟುಮೂಟೆ ಕಟ್ಟಿಕೊಂಡು ಈಗಿನ ಗ್ವಾಟೆಮಾಲಾ ಸಿಟಿಗೆ ಹೋಯಿತು. ಉಳಿದದ್ದು ಕಲ್ಲು ಹಾಸಿದ ಬೀದಿಗಳು, ಚಾವಣಿ ಇಲ್ಲದ ಚರ್ಚುಗಳು, ಸುತ್ತ ಮೂರು ಜ್ವಾಲಾಮುಖಿಗಳು. ಅವುಗಳಲ್ಲಿ ಫ್ಯೂಗೊ ಎಂಬುದು ಇವತ್ತಿಗೂ ಕೂತಲ್ಲೇ ಹೊಗೆ ಬಿಡುತ್ತಿರುತ್ತದೆ. ಯುನೆಸ್ಕೋ 1979ರಲ್ಲಿ ಊರನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ರಾಜಧಾನಿ ಬಿಟ್ಟುಹೋದ ಜಾಗವನ್ನು ಈಗ ಭಾಷಾಶಾಲೆಗಳು ತುಂಬಿವೆ.

ನಾನು ಹ್ಯೂಸ್ಟನ್ನಿನಲ್ಲಿ ಹಲ್ಲಿನ ಡಾಕ್ಟರು. ನನ್ನಲ್ಲಿಗೆ ಬರುವವರಲ್ಲಿ ಸ್ಪ್ಯಾನಿಷ್ ಮಾತಾಡುವವರೇ ಬಹಳ. ನೋವು ಎಲ್ಲಿದೆ ಎಂದು ಅವರ ಭಾಷೆಯಲ್ಲೇ ಕೇಳೋಣವೆಂಬ ಸದುದ್ದೇಶದಿಂದ ರಜೆ ಹಾಕಿ ಆಂಟಿಗುವಾಕ್ಕೆ ಹೋದೆ. ಊರವರ ಬಾಯಿ ತೆರೆಸುವುದೇ ಕಸುಬಾದವನಿಗೆ ತನ್ನ ಬಾಯಿ ತೆರೆಯುವುದು ಎಂಥ ಪ್ರಯಾಸವೆಂದು ಅಲ್ಲಿ ತಿಳಿಯಿತು.

ಪಾಠ ನಡೆಯುವುದು ತೋಟದಲ್ಲಿ. ಅಲ್ಲಲ್ಲಿ ಪುಟ್ಟ ಮೇಜು, ಪ್ರತಿ ಮೇಜಿಗೆ ಒಬ್ಬ ಟೀಚರು, ಒಬ್ಬನೇ ವಿದ್ಯಾರ್ಥಿ. ಎಂಟಕ್ಕೆ ಶುರುವಾದರೆ ಹನ್ನೆರಡರವರೆಗೆ ಮಾತು, ನಡುವೆ ಒಂದು ಕಾಫಿ. ಮೊದಲ ವಾರ ಎಲ್ಲರಿಗೂ ಬರುವುದು ವರ್ತಮಾನಕಾಲ ಒಂದೇ. ಹೀಗಾಗಿ ಆ ತೋಟದಲ್ಲಿ ಯಾರ ಅಜ್ಜಿಯೂ ಪೂರ್ತಿ ಸತ್ತಿರುವುದಿಲ್ಲ, ಯಾರ ವಿಚ್ಛೇದನವೂ ಮುಗಿದಿರುವುದಿಲ್ಲ. ಟೀಚರುಗಳು ಇದನ್ನೆಲ್ಲ ಮುಖದ ಮೇಲಿನ ನಗೆ ಮಾಸದಂತೆ ಕೇಳುತ್ತಾರೆ.

ನಾನು ಉಳಿದುಕೊಂಡ ಮನೆಯಲ್ಲೇ ಸಾಹೇಬರಿದ್ದರು.

ಕೆನಡಾದವರು. ಯಾವುದೋ ವಿಮಾ ಕಂಪನಿಯಲ್ಲಿ ಲೆಕ್ಕಾಚಾರ ಮಾಡಿ ನಿವೃತ್ತರಾದವರು. ಎತ್ತರದ ಆಳು, ಎದೆಯ ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು. ಒಂದೊಂದು ಕಾಲಕ್ಕೆ ಒಂದೊಂದು ಬಣ್ಣವಂತೆ. ಸ್ಪ್ಯಾನಿಷ್ಷಿನಲ್ಲಿ ಸಬ್ಜಂಕ್ಟಿವ್ ಎಂಬುದೊಂದಿದೆ. ಆಸೆ, ಅನುಮಾನ, ಭಯ, ಬೇಡಿಕೆ ಏನೇ ಇದ್ದರೂ ಕ್ರಿಯಾಪದ ವೇಷ ಬದಲಿಸಿಕೊಂಡು ಬರಬೇಕು. ನಮ್ಮ ಸಂಭಾವನಾರ್ಥಕಕ್ಕೆ ಅದು ದೊಡ್ಡಪ್ಪನ ಸಮ. ಉಳಿದವರು ಇದನ್ನು ಕಂಡರೆ ಬೀದಿ ಬದಲಿಸುತ್ತಾರೆ. ಇವರು ಹುಡುಕಿಕೊಂಡು ಹೋಗುತ್ತಾರೆ. ಬೆಳಗಿನ ತಿಂಡಿಗೆ ಕಪ್ಪು ಬೀನ್ಸು, ಹುರಿದ ಬಾಳೆಹಣ್ಣು, ಬಿಸಿ ತೋರ್ತಿಯಾ ಬರುತ್ತಿತ್ತು. ನಾನು ಒಂದು ಪದ, ಒಂದು ಬೆರಳು ಬಳಸಿ ಸಕ್ಕರೆ ಕೇಳುತ್ತಿದ್ದೆ. ಸಾಹೇಬರು ಸಕ್ಕರೆ ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡು, ಅದೇ ಬೇಡಿಕೆಯನ್ನು ‘ತಾವು ನನಗೆ ಸಕ್ಕರೆಯನ್ನು ದಾಟಿಸುವಂತಾದರೆ ನಾನು ಸಂತೋಷಪಟ್ಟೇನು’ ಎಂಬ ಧಾಟಿಯಲ್ಲಿ ಹೇಳಿತೋರಿಸಿ, ನನ್ನಿಂದಲೂ ಹೇಳಿಸಿ, ಆಮೇಲೆ ಡಬ್ಬಿ ಕೊಡುತ್ತಿದ್ದರು. ಅಷ್ಟರಲ್ಲಿ ಕಾಫಿ ಆರಿರುತ್ತಿತ್ತು. ಸಕ್ಕರೆ ಬಿಟ್ಟು ಕಾಫಿ ಕುಡಿಯುವ ಅಭ್ಯಾಸ ನನಗೆ ಹತ್ತಿದ್ದು ಹೀಗೆ. ಇದು ವೈದ್ಯಕೀಯವಾಗಿ ಒಳ್ಳೆಯದೆಂದು ನಾನೇ ರೋಗಿಗಳಿಗೆ ಹೇಳುತ್ತಿರುತ್ತೇನೆ, ಆ ಮಾತು ಬೇರೆ.

ಮನೆಯ ಯಜಮಾನಿಯನ್ನು ನಾವೆಲ್ಲ ಸೆನ್ಯೋರಾ ಎನ್ನುತ್ತಿದ್ದೆವು. ಆಕೆ ಎಲ್ಲ ಗ್ವಾಟೆಮಾಲಾದವರಂತೆ ‘ಗ್ರಾಸಿಯಾಸ್’ ಎಂದರೆ, ಸಲಮಾಂಕಾದಲ್ಲಿ ನಾಲಿಗೆ ತಿದ್ದಿಸಿಕೊಂಡು ಬಂದ ಸಾಹೇಬರು ಹಲ್ಲಿನ ನಡುವೆ ಗಾಳಿ ಬಿಟ್ಟು ‘ಗ್ರಾಥಿಯಾಸ್’ ಎಂದು ಹಿಂದಿರುಗಿಸುತ್ತಿದ್ದರು. ಹಲ್ಲಿನ ಡಾಕ್ಟರಾಗಿ ನಾನು ಮೊದಮೊದಲು ಇದಕ್ಕೆ ಬೇರೆಯೇ ಕಾರಣ ಊಹಿಸಿದ್ದೆ. ಮನೆಯ ಪ್ರತಿ ವಸ್ತುವಿನ ಮೇಲೂ ಅವರು ಹಳದಿ ಚೀಟಿ ಅಂಟಿಸಿ ಅದರ ಹೆಸರು ಬರೆದಿದ್ದರು. ಫ್ರಿಜ್ಜಿಗೆ, ಕನ್ನಡಿಗೆ, ಏಸುವಿನ ಪಟದ ಚೌಕಟ್ಟಿಗೂ. ಸೆನ್ಯೋರಾಳ ಮೊಮ್ಮಗ ಒಂದು ರಾತ್ರಿ ಎದ್ದು ಎಲ್ಲ ಚೀಟಿಗಳನ್ನೂ ಅದಲುಬದಲು ಮಾಡಿಟ್ಟ. ಬೆಳಿಗ್ಗೆ ನಾಯಿಯ ಬೆನ್ನ ಮೇಲೆ ‘ಕುರ್ಚಿ’ ಎಂದಿತ್ತು. ಸಾಹೇಬರು ನಗಲಿಲ್ಲ. ಹುಡುಗನ ಕಾಗುಣಿತ ಸರಿಯಿದೆಯೇ ಎಂದು ನೋಡಿದರು.

ಮಠದಿಂದ ಮಠಕ್ಕೆ ತಿರುಗಿದವರು ಎಲ್ಲೆಲ್ಲಿ ಊಟ ಹೇಗಿತ್ತು ಎಂದು ತೂಗಿ ನೋಡುವಂತೆ ಇವರು ತಾವು ಉಳಿದ ಮನೆಗಳನ್ನು ತೂಗುತ್ತಿದ್ದರು. ಕುಸ್ಕೋದ ಅಮ್ಮ ಸೂಪಿನಲ್ಲಿ ನಿಪುಣೆ, ಆದರೆ ಮಾತು ಕಡಿಮೆ. ವಹಾಕಾದ ಅಮ್ಮನಿಗೆ ಮಾತು ಜಾಸ್ತಿ, ಆದರೆ ಬರೀ ವರ್ತಮಾನಕಾಲ. ಆಂಟಿಗುವಾದ ಬಗ್ಗೆ ಅವರಿಗೆ ಗೌರವವಿರಲಿಲ್ಲ. ಇಲ್ಲಿ ಇಂಗ್ಲಿಷ್ ಕಿವಿಗೆ ಬೀಳುತ್ತದೆ, ನಿಜವಾದ ವಿದ್ಯಾರ್ಥಿ ಬೆಟ್ಟದ ಮೇಲಿನ ಕೆಟ್ಸಾಲ್ತೆನಾಂಗೋಗೆ ಹೋಗುತ್ತಾನೆ ಎನ್ನುತ್ತಿದ್ದರು. ಹಾಗಾದರೆ ನೀವೇಕೆ ಹೋಗಲಿಲ್ಲ ಎಂದರೆ ಅಲ್ಲಿ ಚಳಿಯಂತೆ. ಈ ಮಾತನ್ನು ಕೆನಡಾದವರೊಬ್ಬರ ಬಾಯಿಂದ ಕೇಳುವ ಯೋಗ ನನಗಿತ್ತು.

ಬೈದುಕೊಳ್ಳುತ್ತ ಹೋದರೆ ಪಾಪ ಬಂದೀತು. ನನ್ನ ಹೊಟ್ಟೆ ಕೆಟ್ಟ ದಿನ ಔಷಧದ ಅಂಗಡಿಗೆ ಕೈಹಿಡಿದು ಕರೆದುಕೊಂಡು ಹೋದವರು ಇವರೇ. ನನಗೆ ‘ಹೊಟ್ಟೆ, ಕೆಟ್ಟದು’ ಎನ್ನುವಷ್ಟು ಭಾಷೆಯಿತ್ತು, ಅಷ್ಟೇ ಸಾಕಾಗಿತ್ತು. ಸಾಹೇಬರು ನನ್ನನ್ನು ಹಿಂದಕ್ಕೆ ಸರಿಸಿ, ಸಾಲಿನಲ್ಲಿ ನಿಂತ ಆರೇಳು ಜನರ ಸಮಕ್ಷಮದಲ್ಲಿ ನನ್ನ ಹೊಟ್ಟೆಯ ಭೂತ, ವರ್ತಮಾನ ಮತ್ತು ಸಂಭಾವ್ಯ ಭವಿಷ್ಯವನ್ನು ನಿರರ್ಗಳವಾಗಿ ವಿವರಿಸಿದರು. ಒಂದು ವೇಳೆ ಇವರಿಗೆ ರಾತ್ರಿ ಮತ್ತೆ ಹಾಗಾಗುವುದಾದರೆ, ಮತ್ತು ಹಾಗಾಗುವುದು ತಡೆಯಿಲ್ಲದೆ ಆಗುವುದಾದರೆ ಎಂದು ಅವರು ಸಬ್ಜಂಕ್ಟಿವ್ವಿನ ಮೇಲೆ ಸಬ್ಜಂಕ್ಟಿವ್ ಪೇರಿಸುತ್ತಿದ್ದಾಗ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ನನ್ನತ್ತ ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು. ಮಾತ್ರೆ ಸರಿಯಾದದ್ದೇ ಸಿಕ್ಕಿತು. ರಾತ್ರಿ ಅವರು ಎರಡು ಸಲ ಎದ್ದು ಬಂದು ಬಾಗಿಲು ತಟ್ಟಿ ವಿಚಾರಿಸಿದರು. ಸ್ಪ್ಯಾನಿಷ್ಷಿನಲ್ಲೇ.

ಶಾಲೆಯ ಪ್ರವಾಸಗಳಲ್ಲಿ ಪಕಾಯಾ ಜ್ವಾಲಾಮುಖಿ ಹತ್ತುವುದು, ಕಾಫಿ ತೋಟ ಸುತ್ತುವುದು, ಸಾಲ್ಸಾ ಕುಣಿತ ಎಲ್ಲವೂ ಇದ್ದವು. ನನ್ನ ಸಾಲ್ಸಾದ ಬಗ್ಗೆ ಹೆಚ್ಚು ಹೇಳುವುದು ಬೇಡ. ಹೇಳಲೇಬೇಕಾದದ್ದು ಚಿಚಿಕಾಸ್ತೆನಾಂಗೋದ ಸಂತೆ. ಗುರುವಾರ ಮತ್ತು ಭಾನುವಾರ ಗುಡ್ಡದ ಮೇಲಿನ ಆ ಊರು ಪೂರಾ ಬಟ್ಟೆ, ಮುಖವಾಡ, ಹೂವು, ಕೋಳಿಗಳಿಂದ ತುಂಬುತ್ತದೆ. ಸಾಂತೊ ತೊಮಾಸ್ ಚರ್ಚಿನ ಮೆಟ್ಟಿಲ ಮೇಲೆ ಕೋಪಲ್ ಧೂಪದ ಹೊಗೆ. ದಾರಿಯುದ್ದಕ್ಕೂ ಸಾಹೇಬರು ನಮಗೆ ಇತಿಹಾಸ ಹೇಳಿದರು. 18ನೇ ಶತಮಾನದ ಆರಂಭದಲ್ಲಿ ಇದೇ ಊರಿನ ಪಾದ್ರಿ ಫ್ರಾನ್ಸಿಸ್ಕೋ ಹಿಮೆನೆಸ್ ಎಂಬವರು ಕಿಚೆ ಮಾಯಾ ಜನರ ಪುರಾಣವಾದ ‘ಪೊಪೋಲ್ ವುಹ್’ ಅನ್ನು ಪ್ರತಿ ಮಾಡಿಕೊಂಡದ್ದು, ಒಂದು ಕಡೆ ಕಿಚೆ ಪಕ್ಕದಲ್ಲಿ ಸ್ಪ್ಯಾನಿಷ್ ಬರೆದದ್ದು, ಆ ಹಸ್ತಪ್ರತಿ ಈಗ ಶಿಕಾಗೋದ ನ್ಯೂಬೆರಿ ಲೈಬ್ರರಿಯಲ್ಲಿರುವುದು, ಎಲ್ಲ. ಅಷ್ಟೂ ನಿಜ. ವ್ಯಾನಿನಲ್ಲಿದ್ದವರೆಲ್ಲ ನಿದ್ದೆ ಹೋಗಿದ್ದರು ಎಂಬುದೂ ನಿಜ.

ಸಂತೆಯಲ್ಲಿ ಅವರು ತಂಗಿಗೆಂದು ಒಂದು ಉಯ್ಪಿಲ್ ಆರಿಸಿದರು. ಅಲ್ಲಿನ ಹೆಂಗಸರು ಸೊಂಟಕ್ಕೆ ಬಿಗಿದುಕೊಳ್ಳುವ ಮಗ್ಗದಲ್ಲಿ ನೇಯ್ದು ತೊಡುವ ರವಿಕೆ ಅದು. ಎದೆಯ ಭಾಗದಲ್ಲಿ ಕೆಂಪು ನೇರಳೆ ಎಳೆಗಳು ಒಂದರ ಮೇಲೊಂದು ಕೂತು ಬಟ್ಟೆ ಕೈಗೆ ಉಬ್ಬುಬ್ಬಾಗಿ ಹತ್ತುತ್ತಿತ್ತು. ಮಾರುವ ಹೆಂಗಸಿನ ಬೆನ್ನಿಗೆ ಮಗು ಕಟ್ಟಿತ್ತು. ಹಿಂದೆ ಗಿಡ್ಡ ಸ್ಟೂಲಿನ ಮೇಲೆ ಅವಳ ತಾಯಿ ನೂಲು ಬಿಡಿಸುತ್ತಿದ್ದಳು. ಬೆಲೆ 400 ಕೆಟ್ಸಾಲ್.

ಸಾಹೇಬರು ಗಂಟಲು ಸರಿಮಾಡಿಕೊಂಡರು. ಅಂಥ ಚೌಕಾಸಿಯನ್ನು ನಾನು ಹಿಂದೆ ಕೇಳಿಲ್ಲ, ಮುಂದೆ ಕೇಳಲಾರೆ. ತಮ್ಮ ಕೈಕಸುಬಿನ ಘನತೆಗೆ ಯಾವ ರೀತಿಯಲ್ಲೂ ಕುಂದು ಬಾರದಿರಲಿ ಎಂಬ ಹಾರೈಕೆಯೊಂದಿಗೆ, ಒಂದು ವೇಳೆ ತಾವು 300ಕ್ಕೆ ಸಮ್ಮತಿಸುವುದಾಗಿದ್ದಿದ್ದರೆ, ತಾನು ಇದನ್ನು ಕೊಂಡುಕೊಳ್ಳದೇ ಇರುವ ಸಾಧ್ಯತೆಯೇ ಇರುತ್ತಿರಲಿಲ್ಲ, ಎಂದು ಒಂದೇ ವಾಕ್ಯ. ನಮ್ಮ ಟೀಚರಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದೂ ತಪ್ಪಿರಲಿಲ್ಲವಂತೆ.

ಆ ಹೆಂಗಸು ವಾಕ್ಯ ಮುಗಿಯುವ ತನಕ ಕಾದಳು. ಮುಗಿದಿದೆ ಎಂದು ಖಾತ್ರಿಯಾದ ಮೇಲೆ ಹಿಂದಕ್ಕೆ ತಿರುಗಿ ತಾಯಿಗೆ ಕಿಚೆಯಲ್ಲಿ ಏನೋ ಅಂದಳು. ತಾಯಿ ನೂಲಿನಿಂದ ಕಣ್ಣೆತ್ತದೆ ಎರಡೇ ಮಾತು ಹೇಳಿದಳು. ಇಬ್ಬರೂ ನಕ್ಕರು. ಬೆನ್ನ ಮೇಲಿನ ಮಗುವೂ ಅಲುಗಾಡಿತು. ಆಮೇಲೆ ಅವಳು ಸ್ಪ್ಯಾನಿಷ್ಷಿನಲ್ಲಿ, ಈ ರವಿಕೆಗೆ 400 ಎಂದಳು. ಹೇಳುವಾಗ ರವಿಕೆಗೆ ಪುಲ್ಲಿಂಗ ಹಚ್ಚಿದಳು. ಸ್ಪ್ಯಾನಿಷ್ಷಿನಲ್ಲಿ ಮೇಜು ಹೆಣ್ಣು, ಪುಸ್ತಕ ಗಂಡು, ರವಿಕೆ ಹೆಣ್ಣು. ಕಿಚೆಯಲ್ಲಿ ಈ ಉಪದ್ವ್ಯಾಪವೇ ಇಲ್ಲ. ಜೀವವಿಲ್ಲದ್ದನ್ನೆಲ್ಲ ‘ಅದು’ ಎಂದು ಮುಗಿಸುವ ನಮ್ಮಂಥವರಿಗೆ ಅವಳ ಕಷ್ಟ ಅರ್ಥವಾಗುತ್ತದೆ. ಸಾಹೇಬರಿಗೆ ಆಗಲಿಲ್ಲ. ಬಹಳ ಮೃದುವಾಗಿ, ಮುಗುಳ್ನಗುತ್ತಲೇ ಅವಳನ್ನು ತಿದ್ದಿದರು. ಅವಳು ತಲೆಯಾಡಿಸಿ, ವಿಧೇಯ ವಿದ್ಯಾರ್ಥಿನಿಯಾಗಿ ಇಡೀ ವಾಕ್ಯವನ್ನು ಸರಿಯಾದ ಲಿಂಗದಲ್ಲಿ ಮತ್ತೊಮ್ಮೆ ಹೇಳಿದಳು. ಈ ಸಲ ಬೆಲೆ 450 ಆಗಿತ್ತು.

ಸಾಹೇಬರು ಕೊಟ್ಟರು. ಅವರಿಬ್ಬರು ಏನು ಮಾತಾಡಿಕೊಂಡರು ಎಂದು ಟೀಚರಮ್ಮನನ್ನು ಕೇಳಿದರು. ಆಕೆ, ‘ನಿಮ್ಮ ಸ್ಪ್ಯಾನಿಷ್ ಚೆನ್ನಾಗಿದೆ ಅಂದರು’ ಎಂದರು. ಆಕೆಗೆ ಕಿಚೆ ಬರುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಗ್ವಾಟೆಮಾಲಾದಲ್ಲಿ ಮಾಯಾ ಭಾಷೆಗಳೇ 22. ಆ ಹೆಂಗಸಿಗೂ ಸ್ಪ್ಯಾನಿಷ್ ಮನೆಮಾತಲ್ಲ, ಕಲಿತ ಭಾಷೆ. ಅವಳು ಕಲಿತದ್ದು ತೋಟದ ಮೇಜಿನಲ್ಲಲ್ಲ, ಗಿರಾಕಿಯ ಮುಂದೆ. ಕೊನೆಯ ದಿನ ಕೈಕುಲುಕಿ ಸರ್ಟಿಫಿಕೇಟು ಕೊಡುವವರು ಅವಳಿಗಿರಲಿಲ್ಲ. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಸತ್ತವರಲ್ಲಿ ಬಹುಪಾಲು ಅವಳ ಭಾಷೆಯಂಥ ಭಾಷೆಗಳನ್ನಾಡುವ ಜನ. ಮಾಯಾ ಭಾಷೆಗಳಿಗೊಂದು ಅಕಾಡೆಮಿ ಕಾನೂನಿನ ಪ್ರಕಾರ ಬಂದದ್ದು 1990ರಲ್ಲಿ. ಇದನ್ನು ಹೇಳಿ ಸಾಹೇಬರಿಗೆ ಒಂದು ಪೆಟ್ಟು ಹಾಕಿ ಮುಗಿಸಬಹುದಿತ್ತು. ಆದರೆ ಆಂಟಿಗುವಾದಲ್ಲೇ 1969ರ ಹೊತ್ತಿಗೆ ಹುಟ್ಟಿದ ಫ್ರಾನ್ಸಿಸ್ಕೋ ಮರೋಕಿನ್ ಭಾಷಾ ಯೋಜನೆ ಎಂಬ ಸಂಸ್ಥೆಯ ಕತೆ ಅಡ್ಡ ಬರುತ್ತದೆ. ಅಲ್ಲಿ ವಿದೇಶಿಯರಿಗೆ ಸ್ಪ್ಯಾನಿಷ್ ಕಲಿಸಿ ಬಂದ ಹಣ ಮಾಯಾ ಭಾಷೆಗಳ ಕೆಲಸಕ್ಕೆ ಹೋಗುತ್ತಿತ್ತು. ಮಾಯಾ ಜನರೇ ಭಾಷಾವಿಜ್ಞಾನ ಕಲಿತು ತಂತಮ್ಮ ಭಾಷೆಗಳನ್ನು ಬರೆದಿಟ್ಟುಕೊಳ್ಳತೊಡಗಿದರು. ಸಾಹೇಬರ ಪಂಗಡದ ಹಿರಿಯರು ಸಬ್ಜಂಕ್ಟಿವ್ವಿಗೆ ತೆತ್ತ ಶುಲ್ಕ ಹೀಗೆ ಅವರಿಗೇ ತಿಳಿಯದಂತೆ ಒಳ್ಳೆಯ ಕಡೆ ಹರಿದಿದೆ. ಜಗತ್ತಿನಲ್ಲಿ ಕಿರಿಕಿರಿಯ ಜನರಿಂದ ಆಗುವ ಉಪಕಾರದ ಲೆಕ್ಕ ಯಾರೂ ಇಟ್ಟಿಲ್ಲ.

ಇಷ್ಟೆಲ್ಲ ಕಲಿತವರು ಮತ್ತೆ ಮತ್ತೆ ಕಲಿಯಲು ಯಾಕೆ ಬರುತ್ತಾರೆ ಎಂದು ನನಗೆ ಮೊದಲು ಅರ್ಥವಾಗುತ್ತಿರಲಿಲ್ಲ. ಸಾಹೇಬರು ತಮ್ಮ ಊರಿನಲ್ಲಿ ಒಬ್ಬರೇ ಇರುವವರು. ಅಲ್ಲಿ ಅವರ ಇಂಗ್ಲಿಷ್ ಪರಿಪೂರ್ಣ, ಅದನ್ನು ಕೇಳುವವರು ಮಾತ್ರ ಯಾರೂ ಇಲ್ಲ. ಇಲ್ಲಾದರೆ ದಿನಕ್ಕೆ ನಾಲ್ಕು ಗಂಟೆ ಒಬ್ಬರು ಎದುರಿಗೆ ಕೂತು ವಾಕ್ಯ ಮುಗಿಯುವ ತನಕ ಕಾಯುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಸೆನ್ಯೋರಾ ‘ಇವತ್ತು ಏನು ಮಾಡಿದಿರಿ?’ ಎಂದು ಕೇಳಿ, ಉತ್ತರ ಎಷ್ಟು ಉದ್ದವಾದರೂ ಚಮಚ ಕೆಳಗಿಟ್ಟು ಕೇಳುತ್ತಾಳೆ. ಕೇಳುವುದು ಆಕೆಯ ವೃತ್ತಿ ಇರಬಹುದು. ದುಡ್ಡು ಕೊಟ್ಟರೂ ಅಷ್ಟು ಗಮನ ಸಿಗುವ ಮೇಜುಗಳು ಎಷ್ಟಿವೆ? ನಾನೇ ನನ್ನ ರೋಗಿಗಳ ಬಾಯಿಗೆ ಹತ್ತಿ ತುರುಕಿ ಆಮೇಲೆ ಯೋಗಕ್ಷೇಮ ವಿಚಾರಿಸುವ ಜಾತಿ.

ಸಾಹೇಬರಿಂದ ಈಗಲೂ ಸಂದೇಶ ಬರುತ್ತದೆ. ನಾನು ಸ್ಪ್ಯಾನಿಷ್ಷಿನಲ್ಲಿ ಉತ್ತರ ಬರೆದರೆ ಕುಶಲಕ್ಕೆ ಮುಂಚೆ ತಿದ್ದುಪಡಿ ಬರುತ್ತದೆ, ಕಾಲಕ್ಕೊಂದು ಬಣ್ಣದಲ್ಲಿ. ಈಚೆಗೆ ಬರೆದದ್ದರ ಪ್ರಕಾರ ಅವರು ಕಿಚೆ ಕಲಿಯಲು ಹೆಸರು ಕೊಟ್ಟಿದ್ದಾರೆ. ಸಂತೆಯ ಆ ಇಬ್ಬರು ಆಡಿಕೊಂಡದ್ದು ಏನೆಂದು ತಿಳಿಯುವ ಹಟವೋ, ಕೇಳುವ ಇನ್ನೊಂದು ಮೇಜಿನ ಆಸೆಯೋ ನನಗೆ ತಿಳಿಯದು. ಭಾಷೆ ಬಹಳ ಹಿಡಿಸಿದೆಯಂತೆ. ಲಿಂಗದ ಗೊಡವೆಯೇ ಇಲ್ಲದ್ದರಿಂದ ಬೇರೆಯವರನ್ನು ತಿದ್ದುವ ಅವಕಾಶ ಕೊಂಚ ಕಡಿಮೆ, ಅದೊಂದು ಕೊರತೆ ಎಂದು ಬರೆದಿದ್ದಾರೆ.