ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಮುಕ್ತ ತಂತ್ರಾಂಶ: ರಂಗಂಪೇಟೆಯ ಒಂದು ಝೆರಾಕ್ಸ್ ಅಂಗಡಿಯನ್ನು ಅನುಲಕ್ಷಿಸಿ

1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಕಾಲಕ್ಕೆ ಇಂಗ್ಲಿಷರ ಮೇಲೆ ಕತ್ತಿ ಹಿರಿದ ಸುರಪುರ ಸೀಮೆ ಮೈಕ್ರೋಸಾಫ್ಟಿನ ವಿಷಯದಲ್ಲಿ ಮಾತ್ರ ಏಕೆ ಸುಮ್ಮನಿದೆ? ಪ್ರಸ್ತುತ ಪ್ರಬಂಧದ ಮೂಲ ಪ್ರಶ್ನೆ ಇದು. ಸುರಪುರಕ್ಕೆ ಅಂಟಿಕೊಂಡಿರುವ ರಂಗಂಪೇಟೆಯನ್ನೇ ಆರಿಸಿಕೊಂಡದ್ದಕ್ಕೆ ಶಾಸ್ತ್ರೀಯ ಕಾರಣವಿದೆ: ಪ್ರಬಂಧ ಟೈಪಾಗುತ್ತಿರುವುದು ಅಲ್ಲಿಯೇ.

ಪೂರ್ವಸೂರಿಗಳು ಬೆಲೆ, ತರಬೇತಿ, ಮನೋಧರ್ಮ ಎಂದೆಲ್ಲ ಕಾರಣ ಕೊಡುತ್ತಾರೆ. ಬೆಲೆಯ ವಾದ ಇಲ್ಲಿ ನಿಲ್ಲದು. ಮುಕ್ತ ತಂತ್ರಾಂಶವಾದ ಲಿನಕ್ಸ್ ಪುಕ್ಕಟೆ, ಸರಿ. ಅಂಗಡಿಯ ವಿಂಡೋಸೂ ಪುಕ್ಕಟೆಯೇ, ಯಾರದೋ ಪೆನ್‌ಡ್ರೈವಿನಲ್ಲಿ ಬಂದದ್ದು. ಕಪ್ಪ ಕೇಳದ ದೊರೆಯ ಮೇಲೆ ಯಾರು ದಂಗೆ ಏಳುತ್ತಾರೆ?

ವಿಶ್ವವಿದ್ಯಾಲಯದ ಕಚೇರಿಯಲ್ಲಾದರೆ ಪುಕ್ಕಟೆ ಎಂಬುದು ಗುಣವಲ್ಲ, ನ್ಯೂನತೆ. ಪುಕ್ಕಟೆಗೆ ಟೆಂಡರಿಲ್ಲ, ಟೆಂಡರಿಲ್ಲದ್ದಕ್ಕೆ ಕಡತವಿಲ್ಲ, ಕಡತವಿಲ್ಲದ್ದಕ್ಕೆ ಸಭೆಯಿಲ್ಲ, ಸಭೆಯಿಲ್ಲದಿದ್ದರೆ ಚಹಾ-ಚೂಡಾ ಎಲ್ಲಿಂದ? ಸ್ಟಾಕ್ ರಿಜಿಸ್ಟರಿನ ದರದ ಕಾಲಮ್ಮಿನಲ್ಲಿ ಸೊನ್ನೆ ಕಂಡರೆ ಆಡಿಟ್‌ನವರಿಗೆ ನಿದ್ದೆ ಬರುವುದಿಲ್ಲ. ಮುಕ್ತ ತಂತ್ರಾಂಶಕ್ಕೇ ಆದ್ಯತೆ ಕೊಡಿ ಎಂದು ಕೇಂದ್ರ ಸರ್ಕಾರ 2015ರಲ್ಲಿ ನೀತಿ ಹೊರಡಿಸಿತು. ಆ ನೀತಿಯೂ ಪುಕ್ಕಟೆಯಾಗಿಯೇ ಸಿಗುತ್ತದೆ; ಫಲಿತಾಂಶವನ್ನು ಓದುಗರೇ ಊಹಿಸಬಹುದು.

ಕ್ಷೇತ್ರಕಾರ್ಯ: ಪ್ರಶ್ನಾವಳಿ ಮುಂದಿಟ್ಟಾಗ ಮಾಹಿತಿದಾರರು (ಅಂಗಡಿಯ ಮಾಲೀಕರು) "ಎಷ್ಟು ಕಾಪಿ ತೆಗೀಬೇಕ್ರಿ ಸರ?" ಎಂದರು. ಉದ್ದೇಶ ವಿವರಿಸಿದ ಮೇಲೆ ಮುಖ್ಯ ದತ್ತಾಂಶ ಲಭಿಸಿತು: "ಅದೆಲ್ಲ ಬ್ಯಾಡ್ರಿ. ಗೈಡ್ ಸರ್ ಕಂಪ್ಯೂಟರಿನ್ಯಾಗ ತೆರೀಲಿಲ್ಲಂದ್ರ ನನಗ ಬೈತಾರ. ನುಡಿ ಒಳಗ ಹೊಡದು ಕೊಡ್ತೀನಿ, ಸುಮ್ನ ತಗೊಂಡು ಹೋಗ್ರಿ."

ನುಡಿ ಎಂದರೆ ಕನ್ನಡ ಗಣಕ ಪರಿಷತ್ತು ರೂಪಿಸಿ, ರಾಜ್ಯ ಸರ್ಕಾರ ಹಂಚಿದ ತಂತ್ರಾಂಶ, ಮೂರನೆಯ ಪುಕ್ಕಟೆ. ಯುನಿಕೋಡ್ ಬಂದು ಯಾವ ಕಾಲವಾಯಿತೋ, ಅಂಗಡಿಯಲ್ಲಿ ನುಡಿಯ ಹಳೆಯ ಫಾಂಟುಗಳದೇ ರಾಜ್ಯಭಾರ. ಆ ಫಾಂಟಿಲ್ಲದ ಲಿನಕ್ಸ್ ಯಂತ್ರದಲ್ಲಿ ಕಡತ ತೆರೆದು ನೋಡಿದೆವು. 'ಕನ್ನಡ' ಎಂಬ ಪದ ಹೀಗೆ ಮೂಡಿತು: ಇಂಗ್ಲಿಷಿನ ಪಿ, ತಲೆಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನರ ಎಸ್ಸು, ಒಂದು ಕ್ಯೂ, ಪುನಃ ಗೀಟಿನ ಎ. ಮೂರಕ್ಷರದ ನಾಡಿನಲ್ಲಿ ಪೌಂಡು ಇನ್ನೂ ಚಲಾವಣೆಯಲ್ಲಿರುವುದನ್ನು ಇತಿಹಾಸ ವಿಭಾಗದವರು ಗಮನಿಸಬೇಕು.

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲೇ ಲಿನಕ್ಸ್ ಕಲಿಯುತ್ತಾರೆಂಬ ಆಕ್ಷೇಪವುಂಟು. ಅವರಿಗೆ ಗೈಡ್ ಇಲ್ಲವಾದ್ದರಿಂದ ಆ ಮಾದರಿಯನ್ನು ಕೈಬಿಡಲಾಗಿದೆ.

ಇಷ್ಟಾಗಿಯೂ ಮುಕ್ತ ತಂತ್ರಾಂಶ ಹಿಂಬಾಗಿಲಿನಿಂದ ಬಂದು ಕೂತಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ಕೈಯಿಂದ ಸುರಪುರವೂ ಸೇರಿದ ಯಾದಗಿರಿ ಜಿಲ್ಲೆಯ ಕಾಲೇಜುಗಳು ರಾಯಚೂರು ವಿಶ್ವವಿದ್ಯಾಲಯದ ಕೈಗೆ ಹೋದರೂ ಪ್ರಬಂಧದ ಕೊನೆಯ ನಿಲ್ದಾಣ ಒಂದೇ, ಪಿಎಚ್‌ಡಿ ಪ್ರಬಂಧಗಳನ್ನು ಕೂಡಿಡುವ ಶೋಧಗಂಗಾ. ಆ ಜಾಲತಾಣ ನಡೆಯುವುದು ಡಿಸ್ಪೇಸ್ ಎಂಬ ಮುಕ್ತ ತಂತ್ರಾಂಶದ ಮೇಲೆ. ಕದ್ದ ವಿಂಡೋಸಿನಲ್ಲಿ ಹುಟ್ಟಿದ ಸಂಶೋಧನೆ ಗಂಗೆಗೆ ಬಿದ್ದು ಪಾವನವಾಗುತ್ತದೆ. ಆದರೆ ಅದರೊಳಗೆ 'ಕನ್ನಡ' ಎಂದು ಹುಡುಕಿದರೆ ಸಿಗುವುದಿಲ್ಲ, ಪೌಂಡು ಹಾಕಿ ಹುಡುಕಬೇಕು.

ಶಿಫಾರಸು: ಮುಕ್ತ ತಂತ್ರಾಂಶಕ್ಕೆ ಸರ್ಕಾರ ಕೂಡಲೇ ಒಂದು ಬೆಲೆ ನಿಗದಿಪಡಿಸತಕ್ಕದ್ದು. ಜಿಎಸ್‌ಟಿ ಪ್ರತ್ಯೇಕ.